ಎಮ್ಮಾ ಬ್ಯಾಟ್ ಕೊಡಿ ಅಂದ್ರೆ ಕೊಡಲ್ಲ ಅಂದ ಅಂಗಡಿ ಅಜ್ಜ

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸ್ರು ಹಾಕ್ತಿಲ್ಲ. ಹೊಗಳೋದೂ ಇದೆ, ಬಯ್ಯೋದೂ ಇದೆ, ಒಬ್ರೇ ಅಜ್ಜ ನಡೆಸ್ಕೊಂಡು ಬರ್ತಿರೋ ಅಂಗಡಿ, ಸುಮ್ನೆ ಯಾಕೆ ಅವ್ರ ಹೊಟ್ಟೆ ಮೇಲೆ ಹೊಡೆಯೋದು. ಲಂಡನ್ನಿನ ಈ ತುದೀಲಿ, ಬ್ರಾಮ್ಲಿ ಆರ್ಪಿಂಗ್ಟನ್ ಕಡೆ ಇರೋ ನಮ್ಮೋರು ಮಕ್ಳಿಗೆ ಟೆನಿಸ್ ಬ್ಯಾಟ್ ತಗೋಳೋ ಯೋಚ್ನೇಲಿದ್ರೆ ಉಪಯೋಗಕ್ಕೆ ಬರ್ಲಿ ಅಂತ ಟೈಪ್ ಮಾಡ್ತಿದೀನಿ. ನಾಲ್ಕು ವರ್ಷ, ಮೂರು ಬ್ಯಾಟು, ಗಟ್ಟಿಂಗ್ (ಬ್ಯಾಟಿಗೆ ಹೊಸ ತಂತಿ ಹಾಕ್ಸೋದು) ಎಷ್ಟು ಸಲ ಮಾಡ್ಸಿದೀವೋ ಲೆಕ್ಕ ಇಟ್ಟಿಲ್ಲ. ಬ್ಯಾಟ್ ಅಲ್ಲಮ್ಮಾ ರಾಕೆಟ್ ಅನ್ನು ಅಂತ ಮಗ್ಳು ಪ್ರತಿ ಸಲ ತಿದ್ತಾಳೆ, ತಿಪಟೂರಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡ್ಕೊಂಡು ಬೆಳ್ದೋಳು ನಾನು, ನಂಗೆ ಅದು ಬ್ಯಾಟೇ.

ಶುರುವಾಗಿದ್ದು 2021ರ ಸೆಪ್ಟೆಂಬರ್ 11, ಶನಿವಾರ ರಾತ್ರಿ. ಯುಎಸ್ ಓಪನ್ ಫೈನಲ್. ಎಮ್ಮಾ ರಾಡುಕಾನು, ವಯಸ್ಸು 18, ಎದುರಿಗೆ ಕೆನಡಾದ ಲೇಲಾ ಫರ್ನಾಂಡಿಸ್, ಅವ್ಳಿಗೆ 19. ಆವತ್ತು ಚಾನೆಲ್ 4ರಲ್ಲಿ ಪುಗ್ಸಟ್ಟೆ ಬಂತು ಅಂತ ನಾವೂ ಹಾಕ್ಕೊಂಡು ಕೂತ್ವಿ, ಇಲ್ಲಾಂದ್ರೆ ನಮ್ಮನೇಲಿ ಟೆನಿಸ್ ನೋಡೋರು ಯಾರೂ ಇಲ್ಲ, ಕ್ರಿಕೆಟ್ ಮನೆ ನಮ್ದು. ಮಗ್ಳಿಗೆ ಆಗ 8 ವರ್ಷ, ಒಂಬತ್ತು ಗಂಟೆಗೆ ಮಲಗ್ಬೇಕಾದೋಳು ಸೋಫಾ ಮೇಲೆ ರಗ್ಗು ಹೊದ್ಕೊಂಡು ಕೂತಿದ್ಳು. ಎರಡನೇ ಸೆಟ್ಟಲ್ಲಿ 5-3 ಲೀಡು, ಎಮ್ಮಾ ಮ್ಯಾಚ್ ಗೆಲ್ಲೋಕೆ ಸರ್ವ್ ಮಾಡ್ತಿದಾಳೆ, ಒಂದು ಬಾಲ್ ಹಿಂದೆ ಓಡಿ ಜಾರಿ ಬಿದ್ಲು ನೋಡಿ, ಎಡ ಮೊಣಕಾಲು ತರಚಿ ರಕ್ತ ಕಾಲಿನ ಮೇಲೆ ಇಳೀತಾ ಇದೆ, ಅದೂ ಬ್ರೇಕ್ ಪಾಯಿಂಟ್ ಹೊತ್ತಲ್ಲಿ, ಅಂದ್ರೆ ಆ ಪಾಯಿಂಟ್ ಹೋದ್ರೆ ತಾನು ಸರ್ವ್ ಮಾಡ್ತಿರೋ ಗೇಮೇ ಹೋಗುತ್ತೆ. ಗಾಯಕ್ಕೆ ಪಟ್ಟಿ ಹಾಕೋಕೆ ಆಟ ನಿಲ್ಸಿದ್ರು, ಆ ಕಡೆ ಲೇಲಾ ಅಂಪೈರ್ ಹತ್ರ ಸಿಟ್ಟು ಮಾಡ್ಕೊಂಡ್ಳು, ಈ ಹುಡ್ಗಿ ಎದ್ದು ಬಂದು ಬ್ರೇಕ್ ಪಾಯಿಂಟ್ ಉಳಿಸ್ಕೊಂಡು ಕೊನೆಗೆ ಎದುರಿನೋಳಿಗೆ ಎಟುಕದ ಸರ್ವ್, ಒಂದು ಏಸ್ ಹೊಡ್ದು ಮುಗಿಸ್ಬಿಟ್ಳು. 6-4, 6-3. ತಿಪಟೂರಿಂದ ಮಾವ ವಿಡಿಯೋ ಕಾಲ್‌ನಲ್ಲಿದ್ರು, ಅಲ್ಲಿ ಬೆಳಗಿನ ಜಾವ ಮೂರೂವರೆ, "ಯಾರಮ್ಮಾ ಇವ್ಳು, ನಿಮ್ಮ ಕಡೆಯೋಳಾ" ಅಂದ್ರು.

ನಮ್ಮ ಕಡೆಯೋಳೇ! ಹುಟ್ಟಿದ್ದು ಟೊರಾಂಟೋದಲ್ಲಿ, ಅಪ್ಪ ರುಮೇನಿಯಾದೋರು, ಅಮ್ಮ ಚೀನಾದೋರು, ಎರಡು ವರ್ಷದ ಮಗು ಆಗಿದ್ದಾಗ ಲಂಡನ್ನಿಗೆ ಬಂದಿದ್ದು, ಐದನೇ ವಯಸ್ಸಿಗೆ ಬ್ರಾಮ್ಲಿ ಟೆನಿಸ್ ಅಕಾಡೆಮಿ. ಓದಿದ್ದು ಆರ್ಪಿಂಗ್ಟನ್ನಿನ ನ್ಯೂಸ್ಟೆಡ್ ವುಡ್ ಸ್ಕೂಲಲ್ಲಿ. ಈ ಸ್ಕೂಲ್ ಹೆಸ್ರು ಕೇಳಿದ್ರೆ ಇಲ್ಲಿನ ಇಂಡಿಯನ್ ಅಪ್ಪ ಅಮ್ಮಂದಿರಿಗೆ ಬಿಪಿ ಏರುತ್ತೆ, ಹನ್ನೊಂದನೇ ವಯಸ್ಸಿನ ಎಂಟ್ರೆನ್ಸ್ ಪಾಸ್ ಮಾಡಿದ್ರೆ ಮಾತ್ರ ಸೀಟು, ಅದಕ್ಕೆ ನಾಲ್ಕನೇ ಕ್ಲಾಸಿಂದ ಟ್ಯೂಷನ್ನು. ಅಂಥ ಸ್ಕೂಲಲ್ಲಿ ಓದಿ, ಅದೇ 2021ರಲ್ಲಿ ಎ-ಲೆವೆಲ್ (ನಮ್ಮ ಪಿಯುಸಿ ಥರ) ಮುಗ್ಸಿ, ಮ್ಯಾಥ್ಸಲ್ಲಿ ಎ-ಸ್ಟಾರ್, ಎಕನಾಮಿಕ್ಸಲ್ಲಿ ಎ ತಗೊಂಡು, ಅದೇ ಬೇಸಿಗೇಲಿ ಗ್ರ್ಯಾಂಡ್ ಸ್ಲಾಮ್ ಗೆದ್ಲು ಅಂದ್ರೆ! ಕನ್ನಡ ಬಳಗದ ವಾಟ್ಸಾಪ್ ಗ್ರೂಪಲ್ಲಿ ಟ್ರೋಫಿಗಿಂತ ಜಾಸ್ತಿ ಓಡಾಡಿದ್ದು ಆ ಮ್ಯಾಥ್ಸ್ ಮಾರ್ಕ್ಸು. ನಾವು ಹಾಗೇ, ಏನ್ ಮಾಡೋದು.

ಸೋಮವಾರ ಬೆಳಿಗ್ಗೆ ಮಗ್ಳ ಬೇಡಿಕೆ ಬಂತು, ಎಮ್ಮಾ ಬ್ಯಾಟ್ ಬೇಕು. ಮನೇಲಿ ಆಗಲೇ ಒಂದಿತ್ತು, ಇಲ್ಲಿನ ಟೆನಿಸ್ ಸಂಸ್ಥೆ ಮಕ್ಳಿಗೆ ನಡೆಸೋ ಆರು ಕ್ಲಾಸಿನ ಕೋರ್ಸಿನ ಜೊತೆ ಕೊಡ್ತಾರಲ್ಲ ಆ ಚಿಕ್ಕ ಬ್ಯಾಟು, ಆರು ಕ್ಲಾಸಲ್ಲಿ ಮೂರಕ್ಕೆ ಹೋಗಿ ಗ್ಯಾರೇಜಿಗೆ ಎಸ್ದಿದ್ಳು. ಆನ್‌ಲೈನಲ್ಲಿ ನೋಡಿದ್ರೆ ಎಮ್ಮಾ ಕೈಲಿ ಆಗ ಇದ್ದದ್ದು ವಿಲ್ಸನ್ ಬ್ಲೇಡ್ 98, ಇನ್ನೂರು ಪೌಂಡಿನ ಹತ್ತತ್ರ. ಯಜಮಾನ್ರು "ಇಪ್ಪತ್ತು ಸಾವ್ರ ರೂಪಾಯಿ" ಅಂತ ಕನ್ವರ್ಟ್ ಮಾಡಿ ಎದೆ ಹಿಡ್ಕೊಂಡ್ರು, ಹದಿನೈದು ವರ್ಷ ಆಯ್ತು ಈ ದೇಶಕ್ಕೆ ಬಂದು, ಇನ್ನೂ ಕನ್ವರ್ಟ್ ಮಾಡೋದು ಬಿಟ್ಟಿಲ್ಲ. ಆದ್ರೂ ಮಗ್ಳು ಇಷ್ಟು ಆಸೆ ಪಟ್ಟಿದಾಳೆ, ಕೈಲಿ ಹಿಡ್ದು ನೋಡಿ ತಗೊಳೋಣ ಅಂತ ಆ ಶನಿವಾರ ಈ ಅಂಗಡಿಗೆ ಹೋದ್ವಿ.

ಅಂಗಡಿ ಅಂದ್ರೆ ಮಾಲ್‌ನಲ್ಲಿರೋ ಥರ ಅನ್ಕೋಬೇಡಿ. ಮೀನಂಗಡಿ ಪಕ್ಕ ಸಣ್ಣ ಬಾಗ್ಲು, ಒಳಗೆ ಹೋದ್ರೆ ಹೊಸ ಬಾಲ್ ಡಬ್ಬಿ ತೆಗ್ದಾಗ ಬರುತ್ತಲ್ಲ ಆ ರಬ್ಬರ್ ವಾಸ್ನೆ, ಗೋಡೆ ಮೇಲೆ ಮರದ ಹಳೇ ಬ್ಯಾಟುಗಳು, ಮೂಲೇಲಿ ಗಟ್ಟಿಂಗ್ ಮಿಷನ್ನು, ಅದರ ಹಿಂದೆ ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು ಅಜ್ಜ. ಎಮ್ಮಾ ಬ್ಯಾಟ್ ಬೇಕು ಅಂತ ಮಗ್ಳು ಹೇಳಿದ್ಲು. ಆ ವಾರ ಅದೇ ಕೇಳ್ಕೊಂಡು ಬಂದಿರೋ ಹನ್ನೊಂದನೇ ಮಗು ನೀನು ಅಂದ್ರು, ಸುಮ್ನೆ ತಮಾಷೆಗೋ ನಿಜವೋ ಗೊತ್ತಿಲ್ಲ. ಆಮೇಲೆ ಗೋಡೆಯಿಂದ ಬ್ಲೇಡ್ ತೆಗ್ದು ಅವ್ಳ ಕೈಗೆ ಕೊಟ್ಟು, ತೋಳು ಮುಂದೆ ಚಾಚಿ ಹಿಡ್ಕೋ, ನಾನು ಇಪ್ಪತ್ತು ಎಣಿಸ್ತೀನಿ ಅಂದ್ರು. ಒಂಬತ್ತಕ್ಕೆ ಬ್ಯಾಟಿನ ಮೂತಿ ಬಗ್ಗೋಕೆ ಶುರು, ಹದಿಮೂರಕ್ಕೆ ಇಳಿಸ್ಬಿಟ್ಳು. ತಂತಿ ಹಾಕೋಕ್ ಮುಂಚೇನೇ 305 ಗ್ರಾಂ ಅದು. ಉದ್ದ 27 ಇಂಚು, ದೊಡ್ಡೋರ ಸೈಜು.

ಕೊಡಲ್ಲ, ಅಂದ್ರು. ನಂಗೆ ಒಂದು ಕ್ಷಣ ಅವಮಾನ ಆದಂಗಾಯ್ತು, ನಮ್ಮ ಹತ್ರ ದುಡ್ಡಿಲ್ಲ ಅನ್ಕೊಂಡ್ರಾ ಅಂತ. ಅದಲ್ಲ. ಮಕ್ಳ ಬ್ಯಾಟು 19 ಇಂಚಿಂದ ಶುರುವಾಗಿ 21, 23, 25, 26 ಅಂತ ಹೋಗುತ್ತಂತೆ, ವಯಸ್ಸಿಗಿಂತ ಎತ್ತರ ನೋಡ್ಬೇಕಂತೆ. ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಟ್ಟು ಬ್ಯಾಟ್ ಹಿಡಿಸಿ, ಅದರ ತುದಿ ನೆಲ ಮುಟ್ಟಿ ಮುಟ್ಟದ ಹಾಗಿದ್ರೆ ಅದೇ ಸೈಜು. ದರ್ಜಿ ಲಂಗದ ಅಳತೆ ತಗೊಂಡ ಹಾಗೆ ಅಳೆದ್ರು. ನಮ್ಮೋಳು ವಯಸ್ಸಿಗೆ ಸ್ವಲ್ಪ ಉದ್ದ, 25 ಇಂಚಿಂದು ಬಂತು, ಅಲ್ಯೂಮಿನಿಯಂದು, ಇಪ್ಪತ್ತೆಂಟು ಪೌಂಡು. ಇನ್ನೂರು ಪೌಂಡ್ ಖರ್ಚು ಮಾಡೋಕೆ ತಯಾರಾಗಿ ಬಂದ ಗಿರಾಕೀನ ಇಪ್ಪತ್ತೆಂಟಕ್ಕೆ ಇಳಿಸಿ ಕಳಿಸೋ ಅಂಗಡಿಯವ್ರನ್ನ ನಾನು ಈ ಊರಲ್ಲೂ ನೋಡಿಲ್ಲ, ಚಿಕ್ಕಪೇಟೇಲೂ ನೋಡಿಲ್ಲ.

ಬಾಲ್ ವಿಷ್ಯದಲ್ಲೂ ಅಷ್ಟೇ. ನಾವು ಟಿವೀಲಿ ನೋಡೋ ಹಳದಿ ಬಾಲ್ ತಗೊಂಡು ಬಿಲ್ಲಿಗೆ ಇಟ್ರೆ ವಾಪಸ್ ಇಟ್ರು. ಕೆಂಪು, ಕಿತ್ಲೆ, ಹಸಿರು ಅಂತ ಮೂರು ಥರ ಇದೆ, ಕೆಂಪು ತುಂಬಾ ನಿಧಾನ, ಕಿತ್ಲೆ ಬಣ್ಣದ್ದು ಹಳದಿಗಿಂತ ಅರ್ಧ ವೇಗ, ಹಸಿರು ಕಾಲು ಭಾಗ ಕಮ್ಮಿ. ಹಳದಿ ಬಾಲ್ ಮಗುವಿನ ತಲೆ ಮೇಲೆ ಪುಟಿಯುತ್ತೆ, ಎಟುಕದೆ ಹ್ಯಾಗ್ ಹ್ಯಾಗೋ ಬೀಸಿ ಕೈ ಕೆಡಿಸ್ಕೋತಾರೆ. ಕಿತ್ಲೆ ಬಾಲ್ ಒಂದು ಡಬ್ಬಿ ಕೊಟ್ರು. ಇದು ಗೊತ್ತಿಲ್ದೇನೆ ಎಷ್ಟು ಜನ ಮಕ್ಳು "ನಂಗೆ ಟೆನಿಸ್ ಬರಲ್ಲ" ಅಂತ ಬಿಟ್ಟಿರ್ತಾರೋ, ನಮ್ಮೋಳೂ ಮೂರು ಕ್ಲಾಸಿಗೆ ಬಿಟ್ಟಿದ್ಯಾಕೆ ಅಂದ್ರೆ ಮಧ್ಯ ಮಧ್ಯ ಅವ್ಳಪ್ಪ ಪಾರ್ಕಲ್ಲಿ ಹಳದಿ ಬಾಲ್ ಹೊಡೆಸಿದ್ದಕ್ಕೇ ಅಂತ ನನ್ನ ಅನುಮಾನ, ಅವ್ರು ಒಪ್ಪಲ್ಲ.

ಬಿಲ್ ಮಾಡ್ತಾ ಮಾಡ್ತಾ ಅಜ್ಜ ಮಗ್ಳ ಕಡೆ ತಿರುಗಿ ಒಂದು ಪ್ರಶ್ನೆ ಹಾಕಿದ್ರು, ಎಮ್ಮಾ ನ್ಯೂಯಾರ್ಕಲ್ಲಿ ಎಷ್ಟು ಮ್ಯಾಚ್ ಆಡಿದ್ಲು ಹೇಳು. ಏಳು ಅಂದ್ಲು. ಹತ್ತು! ಮೊದಲ ಮೂರು ಯಾರೂ ನೋಡಲ್ಲ, ಅದು ಕ್ವಾಲಿಫೈಯಿಂಗು. ನಂಗಂತೂ ಇದು ಹೊಸ ವಿಷ್ಯ. ಅವ್ಳ ರ‍್ಯಾಂಕಿಂಗ್ ಆಗ 150, ನೇರ ಎಂಟ್ರಿ ಇಲ್ಲ, ಮೇನ್ ಡ್ರಾಗೆ, ಅಂದ್ರೆ ಅಸಲಿ ಟೂರ್ನಮೆಂಟಿಗೆ ಬರೋಕೇ ಮೂರು ಮ್ಯಾಚ್ ಗೆಲ್ಬೇಕು. ಕ್ವಾಲಿಫೈಯಿಂಗ್ ಮುಗಿಯೋ ಹೊತ್ತಿಗೆ ಮನೆಗೆ ವಾಪಸ್ ಫ್ಲೈಟ್ ಬುಕ್ ಮಾಡಿಟ್ಕೊಂಡಿದ್ಳಂತೆ, ಅವ್ಳೇ ಹೇಳಿದ್ದು. ಫಸ್ಟ್ ರೌಂಡಿಗೆ ಮುಂಚೆ ಏರ್‌ಪಾಡ್ಸ್ ಕಳ್ಕೊಂಡು ಹುಡುಕಾಡಿ, ಈ ಮ್ಯಾಚ್ ಗೆದ್ರೆ ಹೊಸಾದು ತಗೋಬೋದು ಅಂತ ತನಗೆ ತಾನೇ ಹೇಳ್ಕೊಂಡಳಂತೆ. ಕೊನೆಗೆ ಸಿಕ್ಕಿದ್ದು 25 ಲಕ್ಷ ಡಾಲರ್. ಹತ್ತು ಮ್ಯಾಚು, ಇಪ್ಪತ್ತು ಸೆಟ್ಟು, ಒಂದು ಸೆಟ್ಟೂ ಸೋಲ್ಲಿಲ್ಲ, ಕ್ವಾರ್ಟರ್‌ನಲ್ಲಿ ಆ ವರ್ಷದ ಒಲಿಂಪಿಕ್ ಚಿನ್ನ ಗೆದ್ದಿದ್ದ ಬೆಲಿಂಡಾ ಬೆನ್ಚಿಚ್, ಸೆಮಿಯಲ್ಲಿ ಮಾರಿಯಾ ಸಕ್ಕಾರಿ, ಯಾರಿಗೂ ಒಂದು ಸೆಟ್ ಬಿಟ್ಕೊಡ್ಲಿಲ್ಲ. ಕ್ವಾಲಿಫೈಯರ್ ಆಗಿ ಬಂದು ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದೋರು ಓಪನ್ ಎರಾದಲ್ಲಿ, ಅಂದ್ರೆ 1968ರಿಂದೀಚೆಗೆ, ಅವ್ಳಿಗಿಂತ ಮುಂಚೆ ಒಬ್ರೂ ಇಲ್ಲ, ಗಂಡಸ್ರಲ್ಲೂ ಇಲ್ಲ ಹೆಂಗಸ್ರಲ್ಲೂ ಇಲ್ಲ. ಬ್ರಿಟನ್ನಿನ ಹೆಂಗಸು ಸಿಂಗಲ್ಸ್ ಗೆದ್ದಿದ್ದು 1977ರ ವಿಂಬಲ್ಡನ್ನಲ್ಲಿ ವರ್ಜೀನಿಯಾ ವೇಡ್ ಆದ್ಮೇಲೆ ಇದೇ, ಆ ಯಮ್ಮನೂ ಆವತ್ತು ಗ್ಯಾಲರೀಲಿ ಕೂತಿದ್ರು. ಎಮ್ಮಾಳ ಅಪ್ಪ ಅಮ್ಮನೇ ಅಲ್ಲಿರ್ಲಿಲ್ಲ, ಕೋವಿಡ್ ರೂಲ್ಸಲ್ಲಿ ಅಮೆರಿಕಾಕ್ಕೆ ಹೋಗೋಕಾಗ್ಲಿಲ್ಲ.

ರಾತ್ರೋರಾತ್ರಿ ಸ್ಟಾರ್ ಆದ್ಲು ಅಂತ ಪೇಪರ್‌ನೋರು ಬರೀತಾರೆ, ಅಜ್ಜಂಗೆ ಆ ಮಾತು ಕೇಳಿದ್ರೆ ಉರಿಯುತ್ತೆ. ನಾಲ್ಕು ವರ್ಷದಿಂದ ನಾನು ಆ ಕೌಂಟರ್ ಮುಂದೆ ನಿಂತು ಕೇಳಿದ ಪಾಠ ಎಲ್ಲಾ ಸೇರಿಸಿದ್ರೆ ಇಷ್ಟು. 15ನೇ ವಯಸ್ಸಿಗೆ, 2018ರಲ್ಲಿ, ಇಸ್ರೇಲಿನ ಟಿಬೇರಿಯಾಸಲ್ಲಿ ಮೊದಲ ಪ್ರೊ ಟೈಟಲ್ಲು. ಅದೇ ವರ್ಷ ವಿಂಬಲ್ಡನ್ ಜೂನಿಯರ್ಸ್ ಕ್ವಾರ್ಟರ್ ಫೈನಲ್, ಎದುರಿಗೆ ಪೋಲೆಂಡಿನ ಒಬ್ಬ ಹುಡ್ಗಿ, 0-6, 1-6ರಲ್ಲಿ ಮಣ್ಣು ಮುಕ್ಕಿದ್ಲು, ಆ ಪೋಲೆಂಡ್ ಹುಡ್ಗಿ ಆಮೇಲೆ ವಿಶ್ವದ ನಂಬರ್ ಒನ್ ಆದ ಇಗಾ ಶ್ವಿಯಾಂಟೆಕ್. ಆಮೇಲೆ ಎಲ್ಲೆಲ್ಲೋ ಸಣ್ಣ ಸಣ್ಣ ಐಟಿಎಫ್ ಟೂರ್ನಮೆಂಟು, ಬಾಲ್ ಬಾಯ್‌ಗಳೂ ಇರದ ಕೋರ್ಟು, ನೋಡೋಕೆ ನಾಲ್ಕು ಜನ.

ಅದ್ರಲ್ಲಿ ಒಂದು ಪುಣೇಲಿ! 2019ರ ಡಿಸೆಂಬರ್, ಡೆಕ್ಕನ್ ಜಿಮ್ಖಾನಾ, ಒಟ್ಟು ಬಹುಮಾನ 25,000 ಡಾಲರ್, ಅದೂ ಗೆದ್ದೋಳಿಗೊಬ್ಳಿಗೇ ಅಲ್ಲ, ಎಲ್ಲರಿಗೂ ಹಂಚಿ. ಫೈನಲಲ್ಲಿ ಎದುರಿಗಿದ್ದೋಳೂ ಬ್ರಿಟನ್ನಿನೋಳೇ, ನೈಕ್ತಾ ಬೈನ್ಸ್. 17 ತುಂಬಿ ಒಂದು ತಿಂಗ್ಳಾಗಿತ್ತು ಎಮ್ಮಾಗೆ, ಕಪ್ ಎತ್ಕೊಂಡು ಹೋದ್ಲು. ನಮ್ಮಕ್ಕ ಆಗ ಪುಣೇಲೇ ಇದ್ದಿದ್ದು, ಜಿಮ್ಖಾನಾದಿಂದ ನಡ್ಕೊಂಡು ಹೋಗೋ ದೂರದಲ್ಲಿ. ಫೋನ್ ಮಾಡಿ ಕೇಳಿದ್ರೆ "ಹೌದಾ? ಆ ಕಡೆ ದಿನಾ ತರಕಾರಿ ತರೋಕೆ ಹೋಗ್ತಿದ್ನಲ್ಲೇ, ಪ್ಯಾಟ್ ಪ್ಯಾಟ್ ಅಂತ ಸೌಂಡ್ ಬರ್ತಿತ್ತು" ಅಂತಾಳೆ. ಇಪ್ಪತ್ತೊಂದು ತಿಂಗ್ಳಾದ್ಮೇಲೆ ಪ್ರಪಂಚ ಎಲ್ಲ ಬಾಯ್ಬಿಟ್ಕೊಂಡು ನೋಡಿದ ಹುಡ್ಗಿ ಅಲ್ಲೇ ಗೋಡೆ ಆಚೆ ಆಡ್ತಿದ್ಳು, ಇವ್ಳು ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡ್ತಿದ್ಳು. ಈಗ್ಲೂ ಹೊಟ್ಟೆ ಉರ್ಕೋತಾಳೆ.

2020 ಕೋವಿಡ್, ಆಟ ಕಮ್ಮಿ, ಓದು ಜಾಸ್ತಿ. 2021ರ ಜೂನಲ್ಲಿ ನಾಟಿಂಗ್‌ಹ್ಯಾಮಲ್ಲಿ ಮೊದಲ ಸಲ ಡಬ್ಲ್ಯುಟಿಎ (ಹೆಂಗಸ್ರ ದೊಡ್ಡ ಪ್ರೊ ಟೂರ್) ಮೇನ್ ಡ್ರಾ, ಫಸ್ಟ್ ರೌಂಡಲ್ಲೇ ಹ್ಯಾರಿಯೆಟ್ ಡಾರ್ಟ್ ಹತ್ರ ಸೋಲು. ವಿಂಬಲ್ಡನ್ನಲ್ಲಿ ಮೊದ್ಲು ಕೊಟ್ಟಿದ್ದು ಕ್ವಾಲಿಫೈಯಿಂಗ್ ವೈಲ್ಡ್ ಕಾರ್ಡ್ (ರ‍್ಯಾಂಕ್ ಸಾಲ್ದಿದ್ರೂ ಕೊಡೋ ಎಂಟ್ರಿ) ಅಷ್ಟೇ, ಆಮೇಲೆ ಮೇನ್ ಡ್ರಾಗೆ ಹತ್ತಿಸಿದ್ರು, ರ‍್ಯಾಂಕ್ 338 ಆಗ. ಡಿಯಾಚೆಂಕೋ, ವೊಂಡ್ರೌಸೋವಾ, ಕಿರ್ಸ್ಟಿಯಾ ಮೂರೂ ಜನಾನ ಸೋಲಿಸಿ ನಾಲ್ಕನೇ ರೌಂಡಿಗೆ ಬಂದ್ಲು, ಅಲ್ಲಿ ಟೋಮ್ಲಿಯಾನೊವಿಚ್ ಎದುರು ಮೊದಲ ಸೆಟ್ ಹೋಗಿ ಎರಡನೇದ್ರಲ್ಲಿ 0-3 ಇದ್ದಾಗ ಉಸ್ರಾಡೋಕೆ ಕಷ್ಟ ಆಗಿ ಆಟ ಬಿಟ್ಳು. ಟಿವೀಲಿ ಕೂತ್ಕೊಂಡು ಮಾತಾಡೋ ದೊಡ್ಡ ದೊಡ್ಡೋರೆಲ್ಲ "ಒತ್ತಡ ತಡೆಯೋಕಾಗಿಲ್ಲ ಹುಡ್ಗೀಗೆ" ಅಂತ ಶುರು ಹಚ್ಕೊಂಡ್ರು. ಆಗಸ್ಟಲ್ಲಿ ಸ್ಯಾನ್ ಹೋಸೆಯಲ್ಲಿ ಜಾಂಗ್ ಶುವಾಯ್ ಹತ್ರ ಫಸ್ಟ್ ರೌಂಡಲ್ಲೇ ಸೋತ್ಲು, ನ್ಯೂಯಾರ್ಕಲ್ಲಿ ಎರಡನೇ ರೌಂಡಿಗೆ ಅದೇ ಜಾಂಗ್ ಶುವಾಯ್ ಎದುರು ಬಂದ್ರೆ 6-2, 6-4ರಲ್ಲಿ ಚಚ್ಚಿ ಹಾಕಿದ್ಲು. ಶಿಕಾಗೋದಲ್ಲಿ ಒಂದು ಸಣ್ಣ ಟೂರ್ನಮೆಂಟ್ ಫೈನಲ್ಲಿಗೆ ಹೋಗಿ ಸೋತು, ಅಲ್ಲಿಂದ ಸೀದಾ ಕ್ವಾಲಿಫೈಯಿಂಗಿಗೆ ಇಳ್ದೋಳು. ಅಜ್ಜನ ಪ್ರಕಾರ ಆ ಆಗಸ್ಟ್ ತಿಂಗ್ಳೇ ಮುಖ್ಯ, ವಾರ ವಾರ ಅಮೆರಿಕಾದ ಸೆಖೇಲಿ ಮ್ಯಾಚ್ ಮೇಲೆ ಮ್ಯಾಚ್, ಕೈ ಕೂತಿತ್ತು. ನಂಗೆ ಟೆನಿಸ್ ಅಷ್ಟು ಗೊತ್ತಿಲ್ಲ, ಆದ್ರೆ ಹೆಡೆಮುರಿ ಕಟ್ಟಿ ಓದ್ಸಿದ ಪಬ್ಲಿಕ್ ಎಕ್ಸಾಮಿನ ಅನುಭವ ಇದೆ, ಮಾಡೆಲ್ ಪೇಪರ್ ಬರ್ದಷ್ಟೂ ಕೈ ಕೂರೋದು ನಿಜ.

ಸರಿ, ಸರ್ವೀಸ್ ವಿಷ್ಯಕ್ಕೆ ಬರ್ತೀನಿ, ರಿವ್ಯೂ ಅಂತ ಶುರು ಮಾಡಿ ಕಥೆ ಆಗ್ತಿದೆ.

ಗಟ್ಟಿಂಗ್ ಇವ್ರದ್ದು ಮಾತ್ರ ಏ ಕ್ಲಾಸ್. ಇಲ್ಲಿ ರೀಸ್ಟ್ರಿಂಗಿಂಗ್ ಅಂತಾರೆ. ನಮ್ಮೋಳು ಒಂದು ವರ್ಷಕ್ಕೆ ಗ್ರೀನ್ ಬಾಲಿಗೆ ಬಂದ್ಳು, 26 ಇಂಚಿನ ಗ್ರಾಫೈಟ್ ಬ್ಯಾಟ್ ತಗೊಂಡ್ವಿ, ಅದ್ರ ತಂತಿ ಆರು ತಿಂಗ್ಳಿಗೆ ಕಿತ್ತೋಯ್ತು. ಕ್ಲಬ್ಬಲ್ಲಿ ಯಾರೋ ಒಬ್ಬ ಅಪ್ಪ, ಪ್ರೊಗಳೆಲ್ಲ ಪಾಲಿಯೆಸ್ಟರ್ ತಂತೀನೇ ಹಾಕ್ಸೋದು, ಟಾಪ್‌ಸ್ಪಿನ್ ಚೆನ್ನಾಗ್ ಬರುತ್ತೆ, ಅದೇ ಹಾಕ್ಸಿ ಅಂತ ತಲೆ ಕೆಡ್ಸಿದ. ಅಜ್ಜ ಮತ್ತೆ ಕೊಡಲ್ಲ. ಪಾಲಿಯೆಸ್ಟರ್ ಬಿಗಿ, ಬಾಲ್ ಬಡಿದ ಏಟೆಲ್ಲ ಮೊಣಕೈಗೆ ಬರುತ್ತೆ, ಬೆಳೆಯೋ ಮೂಳೆ, ಜೊತೆಗೆ ಅದು ತುಂಡಾಗೋಕ್ ಮುಂಚೇನೇ ಸತ್ತೋಗುತ್ತೆ, ಬಿಗಿ ಇಳ್ದು ಹಲಗೆ ಥರ ಆಗುತ್ತೆ, ಪ್ರೊಗಳು ಪ್ರತಿ ಮ್ಯಾಚಿಗೆ ಹೊಸದಾಗಿ ಹಾಕಿಸ್ಕೊಂಡು ಬರ್ತಾರೆ ನೀವು ಹಾಕ್ಸ್ತೀರಾ ಅಂತ ಕೇಳಿದ್ರು. ಸಿಂಥೆಟಿಕ್ ಗಟ್ ಹಾಕಿ, 48 ಪೌಂಡ್ ಟೆನ್ಷನ್‌ನಲ್ಲಿ, ಕೂಲಿ ತಂತಿ ಎಲ್ಲಾ ಸೇರಿ ಹದಿನೆಂಟು ಪೌಂಡ್ ತಗೊಂಡ್ರು. ಪೌಂಡು ಎರಡು ಥರ ಬಂತು ನೋಡಿ, ಒಂದು ತೂಕ ಒಂದು ದುಡ್ಡು. ವಾರಕ್ಕೆ ಎಷ್ಟು ಸಲ ಆಡ್ತೀರೋ ವರ್ಷಕ್ಕೆ ಅಷ್ಟು ಸಲ ಗಟ್ಟಿಂಗ್ ಅನ್ನೋ ಲೆಕ್ಕನೂ ಅವ್ರೇ ಹೇಳ್ಕೊಟ್ಟಿದ್ದು.

ಕೆಲ್ಸ ಮಾಡೋದು ನೋಡ್ಬೇಕು ನೀವು. ಬ್ಯಾಟನ್ನ ಮಿಷನ್ನಿಗೆ ಆರು ಕಡೆ ಕಚ್ಚಿಸಿ, ಮೊದ್ಲು ಉದ್ದದ ತಂತಿ ಮಧ್ಯದಿಂದ ಎರಡೂ ಕಡೆ ಒಂದೊಂದೇ ಎಳೀತಾರೆ, ಒಂದೇ ಕಡೆ ಎಳೆದ್ರೆ ಫ್ರೇಮು ಸೊಟ್ಟ ಆಗುತ್ತಂತೆ. ಆಮೇಲೆ ಅಡ್ಡದ್ದು, ಮೇಲೆ ಕೆಳಗೆ ಮೇಲೆ ಕೆಳಗೆ ಬೆರಳಲ್ಲೇ ನೇಯೋದು, ನಮ್ಮಜ್ಜಿ ನವಾರ ಮಂಚ ಹೆಣೀತಿದ್ದದ್ದು ನೆನಪಾಯ್ತು. ಪ್ರತಿ ಎಳೆ ಎಳೆದಾಗ್ಲೂ ಮಿಷನ್ನು ಟಿಕ್ ಅನ್ನುತ್ತೆ, ಅಜ್ಜ ಬೆರಳಲ್ಲಿ ಮೀಟಿ ಕಿವಿಗೊಟ್ಟು ಕೇಳ್ತಾರೆ, ತಂಬೂರಿ ಶ್ರುತಿ ಮಾಡ್ದಂಗೆ. ಕೊನೇ ಗಂಟು ಹಾಕಿ ಬಾಲ ಕತ್ತರಿಸೋ ಹೊತ್ತಿಗೆ ಮುಕ್ಕಾಲು ಗಂಟೆ. ಊರಿಗೆ ಹೋದಾಗ ಒಂದ್ಸಲ ಬೆಂಗಳೂರಲ್ಲಿ ಒಂದು ಕಡೆ ಮಾಡ್ಸಿದ್ವಿ, ಯಾವ್ದು ಅಂತ ಹೇಳಲ್ಲ, ಹತ್ತು ನಿಮಿಷದಲ್ಲಿ ಕೊಟ್ಟ, ಎರಡು ವಾರಕ್ಕೆ ತಂತಿ ಎಲ್ಲ ಜಾರಿ ಒಂದ್ಕಡೆ ಗುಂಪು ಕೂತಿತ್ತು.

ಈಗ ಬಯ್ಯೋ ಭಾಗ. ಫೋನ್ ಎತ್ತಲ್ಲ. ಎತ್ತೋದೇ ಇಲ್ಲ! ರಿಂಗ್ ಆಗಿ ಆಗಿ ಕಟ್ಟಾಗುತ್ತೆ, ಮೆಸೇಜ್ ಓದಲ್ಲ, ವೆಬ್‌ಸೈಟಲ್ಲಿ ಟೈಮಿಂಗ್ ಯಾವ ಕಾಲದ್ದೋ, ಸೋಮವಾರ ತೆಗ್ದಿರುತ್ತೆ ಅಂತ ಇದೆ, ಹೋದ್ರೆ ಬಾಗ್ಲಿಗೆ ಬೀಗ. "ನಾಳೆ ಬನ್ನಿ" ಅಂದ್ರೆ ನಮ್ಮ ದರ್ಜಿಗಳ ನಾಳೆ ಅದು. 2023ರ ಬೇಸಿಗೆ ರಜೇಲಿ ಮಗ್ಳ ಮೊದಲ ಮ್ಯಾಚ್ ಇತ್ತು, ಕ್ಲಬ್ಬಿನ ಸಣ್ಣ ಟೂರ್ನಮೆಂಟು, ಬುಧವಾರ ಬ್ಯಾಟ್ ಕೊಟ್ಟು ಶುಕ್ರವಾರ ಸಂಜೆ ಹೋದ್ರೆ ಇನ್ನೂ ಮುಟ್ಟೇ ಇಲ್ಲ, ಸಾಲಲ್ಲಿ ಇಪ್ಪತ್ತು ಬ್ಯಾಟು ಮುಂದಿದೆ. ಮಗ್ಳು ಅಲ್ಲೇ ಕಣ್ಣಲ್ಲಿ ನೀರು. ಬದ್ಲಿಗೆ ಅಂಗಡಿದೇ ಒಂದು ಬ್ಯಾಟ್ ಕೊಟ್ರು, ಅದ್ರ ಹಿಡಿ ದಪ್ಪ, ಗ್ರಿಪ್ ಹೊಂದ್ಲಿಲ್ಲ, ಎರಡು ಮ್ಯಾಚ್ ಆಡೋ ಹೊತ್ತಿಗೆ ಅಂಗೈ ಹೆಬ್ಬೆರಳಿನ ಬುಡದಲ್ಲಿ ಬೊಕ್ಕೆ. ಎರಡೂ ಸೋತ್ಲು. ಆವತ್ತು ನಾನು ಅಜ್ಜಂಗೆ ಚೆನ್ನಾಗೇ ಕೊಟ್ಟೆ, ಇಂಗ್ಲಿಷಲ್ಲಿ ಶುರು ಮಾಡಿ ಸಿಟ್ಟು ಜಾಸ್ತಿ ಆಗಿ ಕನ್ನಡಕ್ಕೆ ಹೋಗಿದ್ದೂ ಗೊತ್ತಾಗ್ಲಿಲ್ಲ. ಅವ್ರು ಪೂರ್ತಿ ಕೇಳಿಸ್ಕೊಂಡು, ಸಾರಿ ಕೇಳಿ, ದುಡ್ಡು ತಗೊಳ್ದೆ ಗಟ್ಟಿಂಗ್ ಮಾಡ್ಕೊಟ್ರು. ಸರಿ ಹೋಯ್ತಾ ಅಂದ್ರೆ ಪೂರ್ತಿ ಇಲ್ಲ, ಆ ಮ್ಯಾಚ್ ವಾಪಸ್ ಬರಲ್ಲ.

ಬೊಕ್ಕೆ ನೋಡಿ ಅಜ್ಜ ಮಗ್ಳಿಗೆ ಹೇಳಿದ್ದು ಮಾತ್ರ ಅವ್ಳು ಇನ್ನೂ ಮರ್ತಿಲ್ಲ. 2022ರ ಜನವರಿ, ಆಸ್ಟ್ರೇಲಿಯನ್ ಓಪನ್, ಎಮ್ಮಾ ಎರಡನೇ ರೌಂಡ್ ಆಡ್ತಿದ್ದಾಗ ಬಲಗೈಲಿ ಬೊಕ್ಕೆ ಎದ್ದು ಫೋರ್‌ಹ್ಯಾಂಡ್ ಹೊಡೆಯೋಕಾಗ್ತಿಲ್ಲ, ಬರೀ ಸ್ಲೈಸ್ (ಬಾಲನ್ನ ಕತ್ತರಿಸಿದಂಗೆ ಮೆಲ್ಲಗೆ ಹೊಡೆಯೋದು) ಮಾಡ್ಕೊಂಡೇ ಒಂದು ಸೆಟ್ ಗೆದ್ಲು, ಮೂರನೇ ಸೆಟ್ಟಿಗೆ ಡಾಂಕಾ ಕೊವಿನಿಚ್ ಹತ್ರ ಸೋತ್ಲು. ಗ್ರ್ಯಾಂಡ್ ಸ್ಲಾಮ್ ಗೆದ್ದೋಳ ಕೈಲೂ ಬೊಕ್ಕೆ ಬರುತ್ತೆ ಅಂತ ಕೇಳಿ ನಮ್ಮೋಳ ಮುಖ ಅರಳ್ತು, ತನ್ನ ಬೊಕ್ಕೇನ ಸ್ಕೂಲಲ್ಲಿ ಎಲ್ರಿಗೂ ತೋರಿಸ್ಕೊಂಡು ಬಂದ್ಲು. ಆಮೇಲೆ ಗ್ರಿಪ್ ಅಳತೆ ತೋರಿಸ್ಕೊಟ್ರು, ಹಿಡಿ ಮುಷ್ಟಿಯಲ್ಲಿ ಹಿಡ್ದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ಒಂದು ಬೆರಳು ಹೋಗೋ ಅಷ್ಟು ಜಾಗ ಇರ್ಬೇಕು. ಮೇಲೆ ಸುತ್ತೋ ತೆಳು ಓವರ್‌ಗ್ರಿಪ್ ಮೂರಕ್ಕೆ ಆರು ಪೌಂಡು, ಬೆವರು ಕೈಯೋರು ತಿಂಗ್ಳಿಗೊಂದು ಬದಲಾಯಿಸಿ. ಅದನ್ನ ಕೆಳಗಿಂದ ಓರೆಯಾಗಿ ಸುತ್ಕೊಂಡು ಬರೋದು ನಂಗೂ ಬರುತ್ತೆ ಈಗ, ಗಾಯಕ್ಕೆ ಬ್ಯಾಂಡೇಜ್ ಕಟ್ಟಿದಂಗೆ.

ಎಮ್ಮಾ ಕಥೆನೂ ಆಮೇಲೆ ಸಲೀಸಾಗೇನಿರ್ಲಿಲ್ಲ. 2022ರಲ್ಲಿ ಟೈಟಲ್ ಉಳಿಸ್ಕೊಳೋಕೆ ನ್ಯೂಯಾರ್ಕಿಗೆ ಹೋಗಿ ಫಸ್ಟ್ ರೌಂಡಲ್ಲೇ ಅಲಿಝೆ ಕಾರ್ನೆ ಹತ್ರ ಸೋತ್ಲು, ಕೋಚ್ ಮೇಲೆ ಕೋಚ್ ಬದ್ಲಾದ್ರು, ಗೆಲ್ಸಿಕೊಟ್ಟ ಆ್ಯಂಡ್ರೂ ರಿಚರ್ಡ್‌ಸನ್ನನ್ನೇ ಗೆದ್ದ ಎರಡೇ ವಾರದಲ್ಲಿ ಬಿಟ್ಟಿದ್ಳು. 2023ರ ಮೇ ತಿಂಗ್ಳಲ್ಲಿ ಎರಡೂ ಕೈಗೆ, ಒಂದು ಕಾಲಿನ ಹರಡಿಗೆ ಆಪರೇಷನ್, ಆ ವರ್ಷ ಪೂರ್ತಿ ಹೋಯ್ತು. ಇಲ್ಲಿನ ಪೇಪರ್‌ಗಳಲ್ಲಿ ಜಾಹೀರಾತು ಜಾಸ್ತಿ ಆಯ್ತು ಆಟ ಕಮ್ಮಿ ಆಯ್ತು ಅಂತ ದಿನಾ ಒಂದೊಂದು ಅಂಕಣ. ನಂಗೆ ಅದು ಓದಿದಾಗ್ಲೆಲ್ಲ ಮೈ ಉರಿಯುತ್ತೆ, ಗೆದ್ದಾಗ 18 ವರ್ಷದ ಹುಡ್ಗಿ, ನಮ್ಮಲ್ಲಿ ಆ ವಯಸ್ಸಿಗೆ ಮಕ್ಳು ಸಿಇಟಿ ಕೌನ್ಸೆಲಿಂಗ್ ಕ್ಯೂನಲ್ಲಿ ಅಪ್ಪನ ಕೈ ಹಿಡ್ಕೊಂಡು ನಿಂತಿರ್ತಾರೆ. ಅಜ್ಜ ಮಾತ್ರ ನನ್ನಷ್ಟು ಮೆತ್ತಗಿಲ್ಲ, ಆ ಕೋಚನ್ನ ಬಿಟ್ಟಿದ್ದು ತಪ್ಪು ಅಂತ ಇವತ್ತಿಗೂ ವಾದ ಮಾಡ್ತಾರೆ. ಆ ವಿಷ್ಯ ತೆಗೀಬೇಡಿ, ಹಿಂದೆ ಗಿರಾಕಿಗಳು ಸಾಲು ನಿಂತ್ರೂ ನಿಲ್ಸಲ್ಲ. 2024ರ ವಿಂಬಲ್ಡನ್ನಲ್ಲಿ ಮತ್ತೆ ನಾಲ್ಕನೇ ರೌಂಡಿಗೆ ಬಂದಾಗ ಮಾತ್ರ ಇಬ್ರೂ ಒಂದೇ ಪಾರ್ಟಿ.

ಮೂರನೇ ಬ್ಯಾಟ್ ತಗೊಂಡಿದ್ದು 2025ರ ಜುಲೈಲಿ, ಮಗ್ಳಿಗೆ ಆಗ 12. ವಿಂಬಲ್ಡನ್ನಲ್ಲಿ ಎಮ್ಮಾ ಎರಡನೇ ರೌಂಡಲ್ಲಿ ಮತ್ತೆ ವೊಂಡ್ರೌಸೋವಾನ ಸೋಲಿಸಿದ್ದ ವಾರ, 2021ರಲ್ಲೂ ಎರಡನೇ ರೌಂಡಲ್ಲಿ ಅವ್ಳನ್ನೇ ಅಲ್ವಾ. ಈ ಸಲ ಮಗ್ಳು ನನ್ನನ್ನ ಮುಂದೆ ಬಿಟ್ಕೊಳ್ದೆ ತಾನೇ ಕೌಂಟರ್ ಹತ್ರ ಹೋಗಿ, ಈಗ ನಂಗೆ 27 ಇಂಚು ಬರುತ್ತೆ, ಬ್ಲೇಡ್ ಕೊಡ್ತೀರಾ ಅಂತ ಕೇಳಿದ್ಲು. ಅಜ್ಜ ಇಲ್ಲ ಅನ್ಲಿಲ್ಲ. ಇಲ್ಲಿ ಡೆಮೋ ಅಂತ ಒಂದು ವ್ಯವಸ್ಥೆ ಇದೆ, ಐದು ಪೌಂಡ್ ಕೊಟ್ರೆ ವೀಕೆಂಡ್ ಪೂರ್ತಿ ಬ್ಯಾಟ್ ಮನೆಗೆ ಕೊಡ್ತಾರೆ, ಆಮೇಲೆ ಏನಾದ್ರೂ ತಗೊಂಡ್ರೆ ಆ ಐದು ಪೌಂಡ್ ಬಿಲ್ಲಲ್ಲಿ ಕಳೀತಾರೆ. ದಯವಿಟ್ಟು ಇದನ್ನ ಉಪಯೋಗಿಸ್ಕೊಳಿ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಬೋರ್ಡ್ ಹಾಕಿಲ್ಲ, ಬಾಯ್ಬಿಟ್ಟು ಕೇಳ್ಬೇಕು. ಬ್ಲೇಡೂ, ಜೊತೆಗೆ 270 ಗ್ರಾಮಿನ ಇನ್ನೊಂದು ಹಗುರದ್ದೂ, ಎರಡೂ ಕೊಟ್ಟು ಕಳಿಸಿದ್ರು, ಯಾವ್ದು ತಗೋ ಅಂತ ಹೇಳ್ಲಿಲ್ಲ.

ಭಾನುವಾರ ಬೆಳಿಗ್ಗೆ ಪಾರ್ಕಿನ ಕೋರ್ಟಲ್ಲಿ ಅಪ್ಪ ಮಗ್ಳು, ನಾನು ಬೆಂಚ್ ಮೇಲೆ ಫ್ಲಾಸ್ಕಲ್ಲಿ ಕಾಫಿ ಇಟ್ಕೊಂಡು ಕೂತಿದ್ದೆ. ಬ್ಲೇಡಲ್ಲಿ ಮೊದಲ ಹತ್ತು ನಿಮಿಷ ಏನು ಸೌಂಡ್ ಅಂತೀರಾ, ದಪ್ಪಗೆ ಧಪ್ ಅಂತ, ಬಾಲ್ ಬೇಸ್‌ಲೈನ್ ಹತ್ರ ಹೋಗಿ ಬೀಳ್ತಿದೆ, ಅವ್ಳಪ್ಪ ಓಡಿ ಓಡಿ ಸುಸ್ತು. ಇಪ್ಪತ್ತು ನಿಮಿಷ ಆಗೋ ಹೊತ್ತಿಗೆ ಬೀಸೋದು ಲೇಟಾಗೋಕೆ ಶುರು, ಬಾಲ್ ಎಲ್ಲ ಬಲಗಡೆ ಬೇಲಿಗೆ. ಅರ್ಧ ಗಂಟೆಗೆ ಮಣಿಕಟ್ಟು ಹಿಡ್ಕೊಂಡು ಬಂದು ನನ್ನ ಪಕ್ಕ ಕೂತು ನೀರು ಕುಡಿದ್ಲು, ಏನೂ ಹೇಳ್ಲಿಲ್ಲ, ಬ್ಯಾಗಿಂದ ಹಗುರದ್ದು ತಗೊಂಡು ವಾಪಸ್ ಹೋದ್ಲು. ಮಂಗಳವಾರ ಅಂಗಡಿಗೆ ಹೋಗಿ ಹಗುರದ್ದೇ ತಗೊಂಡ್ವಿ, ತೊಂಬತ್ತೈದು ಪೌಂಡು, ಡೆಮೋ ದುಡ್ಡು ಕಳೆದು ತೊಂಬತ್ತು. ಬ್ಲೇಡ್ ವಾಪಸ್ ಕೊಡ್ತಾ ಮಗ್ಳು ಅಜ್ಜಂಗೆ, ಹದಿನಾಲ್ಕಕ್ಕೆ ಬರ್ತೀನಿ ಇದನ್ನ ಬೇರೆಯೋರಿಗೆ ಮಾರ್ಬೇಡಿ ಅಂದ್ಲು. ಅಜ್ಜ ಒಂದು ಸಣ್ಣ ಚೀಟೀಲಿ ಅವ್ಳ ಹೆಸ್ರು ಬರ್ದು ಹಿಡಿಗೆ ಅಂಟಿಸಿ ಗೋಡೆಗೆ ನೇತಾಕಿದ್ರು.

ಹೋಗೋರು ಶನಿವಾರ ಹತ್ತೂವರೆ ಒಳಗೆ ಹೋಗಿ, ಆಮೇಲೆ ಮೀನಂಗಡಿ ಗಿರಾಕಿಗಳ ಕಾರು ತುಂಬಿ ಪಾರ್ಕಿಂಗ್ ಸಿಗಲ್ಲ. ಮ್ಯಾಚ್ ಇದ್ರೆ ಹತ್ತು ದಿನ ಮುಂಚೆ ಬ್ಯಾಟ್ ಕೊಡಿ, ಎರಡು ದಿನ ಅಂತ ಅವ್ರು ಹೇಳಿದ್ರೂ ನಂಬ್ಬೇಡಿ. ಐದಕ್ಕೆ ನಾಲ್ಕು ಸ್ಟಾರು, ಒಂದು ಕಟ್ ಮಾಡಿರೋದು ಆ ಫೋನಿಗೆ.